ಅಕ್ಕನ ಮುಕ್ಕಾಲು ಗಂಟೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ತಂದೆಗೆ ಮದ್ರಾಸಿನ ಆಸ್ಪತ್ರೆಯೊಂದರಲ್ಲಿ ಕಣ್ಣಿನ ಆಪರೇಷನ್ ಆಯಿತು. ನೋಡಲು ಬರುತ್ತೇನೆಂದು ಬೆಂಗಳೂರಿನ ಅಕ್ಕ ನನಗೆ ಕಾಗದ ಬರೆದಳು. ಅದರಲ್ಲಿ ಅಪ್ಪನ ಕಣ್ಣಿನ ಬಗ್ಗೆ ಎರಡು ಸಾಲು, ವಿಮಾನದ ಬಗ್ಗೆ ಒಂದು ಪುಟ. ಟಿಕೆಟ್ಟು ಭಾವನ ಕಂಪನಿಯದಂತೆ. ಬೆಂಗಳೂರಿನಿಂದ ಮದ್ರಾಸಿಗೆ ಮುಕ್ಕಾಲೇ ಗಂಟೆಯಂತೆ. ಕೊನೆಯಲ್ಲಿ, ‘ನೀನೂ ಅವತ್ತೇ ಬಾರೇ, ಬಸ್ಸಲ್ಲಿ’ ಎಂದಿತ್ತು. ಆ ‘ಬಸ್ಸಲ್ಲಿ’ ನನಗೆ ಚುಚ್ಚಿತು.

ನಾನು ಮದುವೆಯಾಗಿ ಸೇರಿದ್ದು ಮುಳಬಾಗಿಲು. ಮದ್ರಾಸ್ ರಸ್ತೆ ನಮ್ಮೂರ ಮೇಲೇ ಹಾದುಹೋಗುತ್ತದೆ, ಆದರೂ ಬಸ್ಸಿಗೆ ಏಳು ಗಂಟೆ. ಮುಕ್ಕಾಲು ಗಂಟೆಯಲ್ಲಿ ನಾನು ರೇಷ್ಮೆ ಹುಳುಗಳಿಗೆ ಒಂದು ಸಲ ಸೊಪ್ಪು ಹೆಚ್ಚಿ ಹಾಕುತ್ತಿದ್ದೆ, ಅಷ್ಟೇ. ಒಂದೇ ತಪ್ಪಲೆಯ ಮುದ್ದೆ ತಿಂದು ಬೆಳೆದವರು ನಾವು. ಅವಳಿಗೆ ವಿಮಾನ, ನನಗೆ ಹುಳು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

‘ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತಲ್ಲೇ ಹೊರಟವ್ಳೆ’ ಎಂದು ಅತ್ತೆ ಗೊಣಗುತ್ತಿದ್ದಂತೆ ಬೆಳಗಿನ ಮೊದಲ ಬಸ್ಸು ಹತ್ತಿದೆ. ಪಲಮನೇರಿನವರೆಗೆ ನಿಂತೇ ಹೋದೆ. ಆಮೇಲೆ ಸೀಟು ಸಿಕ್ಕಿತು, ಅದೂ ಚಕ್ರದ ಮೇಲೆ.

ಆಸ್ಪತ್ರೆ ಸೇರಿದಾಗ ಅಕ್ಕ ಇನ್ನೂ ಬಂದಿರಲಿಲ್ಲ. ವಿಮಾನ ತಡವಾಗಿತ್ತೆಂದು ಆಮೇಲೆ ತಿಳಿಯಿತು. ಅಪ್ಪ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ‘ನೈನಾ’ ಎಂದೆ; ಮನೆಯ ತೆಲುಗಿನಲ್ಲಿ ಅಪ್ಪನನ್ನು ನಾವು ಕರೆಯುತ್ತಿದ್ದುದು ಹಾಗೆ. ಅಕ್ಕನದೂ ನನ್ನದೂ ಒಂದೇ ಗಂಟಲು, ಮುಖ ನೋಡದೆ ಹೆತ್ತವರಿಗೂ ಗುರುತಾಗುತ್ತಿರಲಿಲ್ಲ.

ಅಪ್ಪ ಕೈ ಚಾಚಿದರು. ‘ಬಂದ್ಯಾ ತಲ್ಲಿ? ಪ್ಲೇನಲ್ಲೇ ಬಂದ್ಯಾ?’

ನಾನು ಅಕ್ಕ ಅಲ್ಲ ಎನ್ನಬಹುದಿತ್ತು. ‘ಹೂಂ ನೈನಾ’ ಎಂದೆ.

‘ಮುಕ್ಕಾಲು ಗಂಟೆನಾ?’

‘ಮುಕ್ಕಾಲೇ ಗಂಟೆ.’

‘ಮೇಲಿಂದ ದೇವರಾಯಸಮುದ್ರದ ಕೆರೆ ಕಂಡ್ತಾ?’

‘ಕಂಡ್ತು. ಹಪ್ಪಳದಷ್ಟಿತ್ತು.’

ಅಪ್ಪ ಮಗುವಿನಂತೆ ನಕ್ಕರು. ‘ನಮ್ಮ ವಂಶದಲ್ಲೇ ಮೊದಲು ಹಾರಿದೋಳು ನೀನು ಕಣಮ್ಮ’ ಎಂದು ನನ್ನ ಕೈ ಬಿಡಲೇ ಇಲ್ಲ. ಹುಟ್ಟಿದಾಗಿನಿಂದ ಅವರು ನನ್ನ ಕೈಯನ್ನು ಅಷ್ಟು ಹೊತ್ತು ಹಿಡಿದಿದ್ದು ನೆನಪಿಲ್ಲ. ಒಂದು ಗಂಟೆ ನಾನು ಅಕ್ಕನಾಗಿ ಸುಖವಾಗಿದ್ದೆ.

ಆಮೇಲೆ ಅಕ್ಕ ಬಂದಳು. ಕಿವಿಯಲ್ಲಿ ವಿಮಾನದವರು ಕೊಟ್ಟ ಹತ್ತಿ ಇನ್ನೂ ಇತ್ತು. ‘ಹೇಗಿದೀಯಾ ನೈನಾ?’ ಎಂದಳು.

‘ಚಿಕ್ಕೋಳು ಬಂದ್ಲಾ? ಬಸ್ಸಲ್ಲಿ ಸೊಂಟ ಬಿದ್ದೋಯ್ತೇನಮ್ಮ? ನೋಡು, ನಿಮ್ಮಕ್ಕ ಪ್ಲೇನಲ್ಲಿ ಆಗ್ಲೇ ಬಂದವ್ಳೆ’ ಎಂದರು ಅಪ್ಪ.

ಅಕ್ಕ ನನ್ನ ಮುಖ ನೋಡಿದಳು. ಅಪ್ಪನ ಕೈಯಲ್ಲಿದ್ದ ನನ್ನ ಕೈ ನೋಡಿದಳು. ನಾನು ನೆಲ ನೋಡಿದೆ. ಮಾನ ಹರಾಜಾಯಿತು ಅಂದುಕೊಂಡೆ.

‘ಹೂಂ ನೈನಾ, ರಸ್ತೆ ತುಂಬಾ ಗುಂಡಿ’ ಎಂದಳು ಅಕ್ಕ.

ಆಮೇಲೆ ಬ್ಯಾಗಿನಿಂದ ಎರಡು ಪೆಪ್ಪರ್‌ಮಿಂಟು ತೆಗೆದು ನನ್ನ ಕೈಗಿಟ್ಟು, ‘ಪ್ಲೇನಲ್ಲಿ ಕೊಟ್ಟಿದ್ದು ಕಣೇ. ನೈನಾಗೆ ನೀನೇ ಕೊಡು’ ಎಂದು ಕಿವಿಯಲ್ಲಿ ಹೇಳಿದಳು. ಕೊಟ್ಟೆ. ಅಪ್ಪ ಅದನ್ನು ಚೀಪುತ್ತಾ ನನ್ನ ತಲೆ ಸವರಿದರು.

ವಿಮಾನವನ್ನು ನಾನೂ ಎಂದಾದರೂ ಹತ್ತಬಹುದಿತ್ತು. ಹಾಗೆ ಬಿಟ್ಟುಕೊಡುವುದು ಮಾತ್ರ ನನಗೆ ಈ ಜನ್ಮದಲ್ಲಿ ಬರುವಂಥದ್ದಲ್ಲ. ಅವತ್ತು ಅವಳ ಮೇಲೆ ಹತ್ತಿದ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ.