ಗೋಡೆಗೆ ಮುಖ ಮಾಡಿ ಅತ್ತವಳು

ನನ್ನ ಓರಗಿತ್ತಿ ಬುರ್ಮಾಕಾನ್ ಸಾವಿನ ಮನೆಯಲ್ಲಿ ಹಾಡಿ ಅಳುವವಳು. ನಮ್ಮ ನಾರಿನ್ ಸೀಮೆಯಲ್ಲಿ ಯಾರೇ ಸತ್ತರೂ ಹೆಂಗಸರು ಗುಡಾರದ ಗೋಡೆಗೆ ಮುಖ ಮಾಡಿ ಕೂತು, ಸೊಂಟದ ಮೇಲೆ ಕೈಯಿಟ್ಟು, ಕೊಶೋಕ್ ಎಂಬ ಸಾವಿನ ಹಾಡು ಹೇಳಿ ಅಳುತ್ತಾರೆ. ಅದು ಕಿವಿಗೆ ಬಿದ್ದರೆ ಹೊರಗಿನ ಗಂಡಸರು ಕೋಲೂರಿ ನಿಂತು ಗೊಳೋ ಎಂದು ದನಿಗೂಡಿಸಲೇಬೇಕು. ಕೊಶೋಕ್ ಹೇಳುವವಳ ಬಾಯಿಯನ್ನು ಯಾರೂ ಮುಚ್ಚಿಸುವಂತಿಲ್ಲ. ಸತ್ತವರ ಗುಣಗಾನ ಮಾಡಲಿ, ಬದುಕಿರುವವರ ಬಂಡವಾಳ ಬಯಲಿಗೆಳೆಯಲಿ, ತಲೆ ತಗ್ಗಿಸಿ ಕೇಳಬೇಕು. ಬುರ್ಮಾಕಾನ್ ಎಂಥೆಂಥ ದೊಡ್ಡ ಮನುಷ್ಯರ ಮುಖದ ನೀರಿಳಿಸಿದವಳು! ಆದರೆ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಸತ್ತಾಗ ಒಂದು ಸಾಲು ಹೇಳುವುದಕ್ಕೂ ಅವಳನ್ನು ಬಿಡಲಿಲ್ಲ.

ಮಗಳು ಜಿಪಾರ್. ಎಮಿಲ್ಬೆಕ್ ಎಂಬ ಹಾಳಾದವನು ಅವಳನ್ನು ಕಾರಿಗೆ ಎತ್ತಿ ಹಾಕಿಕೊಂಡು ಹೋಗಿ ಮದುವೆಯಾದ. ತಲೆಯ ಮೇಲೆ ಮದುವೆಯ ಬಿಳಿ ವಸ್ತ್ರ ಬಿದ್ದ ಮೇಲೆ ಮುಗಿಯಿತು ಎಂದು ಊರು ಕೈ ತೊಳೆದುಕೊಂಡಿತು. ಆಮೇಲೊಂದು ಚಳಿಗಾಲದಲ್ಲಿ, ಕಂದು ಹೆಣ್ಣುಕುದುರೆ ಒದ್ದು ಸತ್ತಳು ಎಂದು ಹೇಳಿ ಕಳಿಸಿದರು. ಅವನ ಅಪ್ಪ ಅಸನಾಲಿ ಆ ಕುದುರೆಯನ್ನು ಅಂಗಳಕ್ಕೆ ಎಳೆದು ತಂದು, ನಮ್ಮ ಕಣ್ಣೆದುರೇ ಕತ್ತು ಕುಯ್ದ. ಹಿಮದ ಮೇಲೆ ನೆತ್ತರು ಹರಿದು ನಮ್ಮ ಬೂಟಿನವರೆಗೂ ಬಂತು. ಹೆಣ ತೊಳೆದ ಹೆಂಗಸರು ಮಾತ್ರ, ಕತ್ತಿನ ಮೇಲೆ ಬೆರಳಿನ ಗುರುತಿದೆ ಎಂದು ಬುರ್ಮಾಕಾನಳ ಕಿವಿಯಲ್ಲಿ ಉಸುರಿದರು. ಅವಳು ಗೋಡೆಗೆ ಮುಖ ಮಾಡಿ ಬಾಯಿ ತೆರೆದಳೋ ಇಲ್ಲವೋ, ಎಮಿಲ್ಬೆಕ್ ಕರೆಸಿದ್ದ ಮುಲ್ಲಾ ಒಳಗೆ ನುಗ್ಗಿ, ಹಾಡಿ ಅಳುವುದು ಪಾಪ ಎಂದು ಬಾಯಿಗೆ ಬೀಗ ಹಾಕಿದ. ಅವನ ನಾಲಿಗೆ ಸೇದಿಹೋಗಲಿ. ಠಾಣೆಗೆ ಹೋದರೆ, ಕುದುರೆಯ ಮೇಲೆ ಕೇಸು ಹಾಕಲೇ ಅಜ್ಜಿ ಎಂದು ನಕ್ಕರಂತೆ. ಮೊಮ್ಮಗಳು ಮೇರಿಮ್ ಅದೇ ಮನೆಯಲ್ಲಿ ಉಳಿದಳು. ತಾಯಿಯ ಕತ್ತು ಹಿಸುಕಿದ ಕೈಯಿಂದಲೇ ಆ ಕೂಸು ರೊಟ್ಟಿ ತಿನ್ನಬೇಕಲ್ಲ ಎಂದು ಬುರ್ಮಾಕಾನ್ ಒಳಗೊಳಗೇ ಬೇಯುತ್ತಿದ್ದಳು. ಕೂಸನ್ನು ಅಲ್ಲಿಂದ ಬಿಡಿಸಬೇಕು, ಬೇರೆ ಆಸೆಯೇ ಇರಲಿಲ್ಲ.

ಆಗ ಬಂದವನು ತಿಲೆಕ್. ಬಿಷ್ಕೆಕ್‌ನಲ್ಲಿ ಬೆಳೆದ ಹುಡುಗ, ಸಾಲಸೋಲ ಮಾಡಿ ತಾನೇ ಸಿನಿಮಾ ತೆಗೆಯುತ್ತಿದ್ದ. ಹೆಪ್ಪುಗಟ್ಟಿದ ಕೆರೆಯ ನಡುವೆ ಬರೀ ಒಂದು ಬಾಗಿಲು ನಿಲ್ಲಿಸಿ, ಅಸನಾಲಿಯ ಬಿಳಿ ಕುದುರೆಯನ್ನು ಅದರೊಳಗಿಂದ ನಡೆಸಿದ. ಅವನ ಸಿನಿಮಾದಲ್ಲಿ ಸತ್ತ ಹೆಂಗಸು ಎದ್ದು ಕೂತು ಹಿಟ್ಟು ನಾದುತ್ತಾಳೆ. ಯಾಕಪ್ಪಾ ಎಂದರೆ ಅದೊಂದು ಭಾವ ಎನ್ನುತ್ತಿದ್ದ. ಆ ಸತ್ತವಳಿಗೆ ಅಳುವುದಕ್ಕೆ ಬುರ್ಮಾಕಾನಳನ್ನು ಕರೆದ.

“ಯಾರಿಗಂತ ಅಳ್ಲಿ ಮಗಾ?” ಎಂದು ಅವಳು ಕೇಳಿದಳು.

“ನಿಮ್ಗೆ ಯಾರ ನೆನಪಾಗುತ್ತೋ ಅವರಿಗೆ ಅಳಿ, ಅಜ್ಜಿ.”

ನಮ್ಮನ್ನೆಲ್ಲ ದೂರ ಕಳಿಸಿ ಚಿತ್ರ ತೆಗೆದರು. ಅವಳು ಹೇಳಿದ್ದೆಲ್ಲ ತಿಲೆಕ್‌ನ ಕಿವಿಗೂ ಬಿದ್ದಿತ್ತು, ಆದರೆ ಪಾಪ, ಅವನು ಅದನ್ನೂ ಕಟ್ಟುಕತೆ ಎಂದುಕೊಂಡ.

ಮುಂದಿನ ವರ್ಷ ಊರಿಗೇ ಸಿನಿಮಾ ತೋರಿಸಲು ಬಂದವನು, ನೋಡಿದವರು ಬರೆದದ್ದನ್ನೆಲ್ಲ ತನ್ನ ಫೋನು ತೆಗೆದು ನಮಗೆ ಓದಿ ಹೇಳಿದ. ಒಬ್ಬನಿಗೆ ಕನಸು ಕಂಡ ಹಾಗಾಯಿತಂತೆ. ಇನ್ನೊಬ್ಬನ ಪ್ರಕಾರ ಆ ಕುದುರೆಯೇ ನಮ್ಮ ದೇಶ. ಬಿಷ್ಕೆಕ್‌ನವನೊಬ್ಬ, ಮುದುಕಿಯ ಅಳು ಮುಗಿಯುವುದೇ ಇಲ್ಲ, ಟಿಕೆಟ್ ದುಡ್ಡು ವಾಪಸ್ ಕೊಡಿ ಎಂದಿದ್ದ. ಹೊರದೇಶದ ಹೆಂಗಸೊಬ್ಬಳು, ಅಳು ಸಂಗೀತದಷ್ಟು ಇಂಪಾಗಿದೆ ಎಂದು ಹೊಗಳಿದ್ದಳು. ಅಲ್ಲಿನವರಿಗೆ ಪರದೆಯ ಮೇಲೆ ಹಾಡಿನ ಅರ್ಥ ಬರೆದಿರಲಿಲ್ಲವಂತೆ, ಬರೆದರೆ ಭಾವ ಕೆಡುತ್ತದಂತೆ. ನಾವು ಬಿದ್ದು ಬಿದ್ದು ನಕ್ಕೆವು. ಬುರ್ಮಾಕಾನ್ ನಗಲಿಲ್ಲ.

“ನನ್ನ ಅಳು ಪೂರ್ತಿ ಇಟ್ಟಿದ್ದೀಯಾ? ಕತ್ತರಿಸಿಲ್ಲ ತಾನೇ?”

“ಒಂದು ಉಸಿರೂ ಕತ್ತರಿಸಿಲ್ಲ ಅಜ್ಜಿ.”

“ಹಾಗಾದ್ರೆ ಅಸನಾಲಿ ಮನೆಯವರನ್ನ ಮುಂದಿನ ಬೆಂಚಲ್ಲಿ ಕೂರಿಸು. ಕುದುರೆ ಕೊಟ್ಟವರು.”

ಊರಿನ ಕ್ಲಬ್ಬಿನ ಕಿಟಕಿಗಳಿಗೆ ಕಂಬಳಿ ಹೊದಿಸಿ ಮಧ್ಯಾಹ್ನ ಸಿನಿಮಾ ಹಾಕಿದರು. ಮುಂದಿನ ಬೆಂಚಿನಲ್ಲಿ ಬಿಳಿ ಟೊಪ್ಪಿಯ ಅಸನಾಲಿ, ಅವನ ತೊಡೆಯ ಮೇಲೆ ಮೇರಿಮ್, ಪಕ್ಕದಲ್ಲಿ ಎಮಿಲ್ಬೆಕ್. ಹಿಂದೆಯೇ ನಾವಿಬ್ಬರು. ಕೆರೆಯ ಮೇಲೆ ಬಾಗಿಲು ಕಂಡದ್ದೇ ತಡ, ಮನೆ ಕಟ್ಟೋದಕ್ಕೆ ಮರೆತುಬಿಟ್ಟರೇನೋ ಎಂದು ಯಾರೋ ಅಂದು ಎಲ್ಲರೂ ನಕ್ಕರು. ಆಮೇಲೆ ಪರದೆಯ ತುಂಬ ಬುರ್ಮಾಕಾನಳ ಬೆನ್ನು ಬಂತು.

*ಕುದುರೆಗೆ ಗೊರಸುಂಟು, ಬೆರಳಿಲ್ಲ, ನನ್ನ ಮರಿಯೇ,*
*ಕತ್ತಿನ ಮೇಲೆ ಬೆರಳಿತ್ತು, ಜಿಪಾರ್, ನನ್ನ ಮರಿಯೇ,*
*ಎಮಿಲ್ಬೆಕ್‌ನ ಬೆರಳಿತ್ತು, ನನ್ನ ಮರಿಯೇ,*
*ತಪ್ಪಿಲ್ಲದ ಕುದುರೆ ನಿನ್ನ ಹಿಂದೆಯೇ ಬಂತು.*

ಎಮಿಲ್ಬೆಕ್ ಬೆಂಚು ಹಾರಿ ಬಂದವನೇ ಬೂಟಿನಲ್ಲಿದ್ದ ಚಾವಟಿ ಕಿತ್ತು ಬೀಸಿದ. ತುದಿ ಅವಳ ಎಡಗಣ್ಣಿಗೆ ಬಿತ್ತು. ಬಾಯಿ ಮುಚ್ಚೇ ಮುದುಕಿ, ಬಾಯಿ ಮುಚ್ಚು ಎಂದು ಮತ್ತೆ ಮತ್ತೆ ಹೊಡೆದ. ಅವಳ ಬಾಯಿ ಮುಚ್ಚಿಯೇ ಇತ್ತು. ಕೆಳಗೆ ಬಿದ್ದವಳ ಪಕ್ಕೆಗೆ ಬೂಟುಗಾಲಿನಿಂದ ಒದ್ದ, ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ನಾನು ಅವನ ಮುಂಗೈಯನ್ನು ಕಚ್ಚಿ ಹಿಡಿದೆ, ಬಾಯಿಗೆ ಅವನ ನೆತ್ತರು ಬಂತು. ಚಾವಟಿ ಬಿತ್ತು. ಅವನು ಗುದ್ದಿದ ಏಟಿಗೆ ನನ್ನ ಮುಂದಿನ ಹಲ್ಲು ಉದುರಿತು. ನಮ್ಮನ್ನು ಬಿಟ್ಟು ಓಡಿದವನು ಚಾಕು ತೆಗೆದು ಪರದೆಯನ್ನು ಮೇಲಿಂದ ಕೆಳಗೆ ಸೀಳಿಹಾಕಿದ. ಬಟ್ಟೆ ಜೋತುಬಿತ್ತು. ಬುರ್ಮಾಕಾನಳ ಬೆನ್ನು ಹಿಂದಿನ ಇಟ್ಟಿಗೆ ಗೋಡೆಯ ಮೇಲೆ ಮೂಡಿತು. ದನಿ ನಿಲ್ಲಲಿಲ್ಲ.

ತಿಲೆಕ್ ಯಂತ್ರ ಆರಿಸಲು ಹೋದ. ಹಿಂದಿನ ಸಾಲಿನಿಂದ ಕುರಿ ಕಾಯುವ ಮುದುಕ ಜೊಲ್ದೊಶ್ ಎದ್ದ.

“ಮುಟ್ಬೇಡ. ಕೊಶೋಕ್ ನಡೀತಿದೆ.”

ಹಾಗೆಂದವನು ಕೋಲೂರಿ, ಅಯ್ಯೋ ನನ್ನ ಮಗಳೇ ಎಂದು ದನಿ ತೆಗೆದ. ಇನ್ನೊಬ್ಬ ಎದ್ದ. ಮತ್ತೊಬ್ಬ ಎದ್ದ. ಕ್ಲಬ್ಬಿನ ಗಂಡಸರೆಲ್ಲ ನಿಂತು, ಗುಡಾರದ ಮುಂದೆ ನಿಂತವರ ಹಾಗೆ ಗೊಳೋ ಎಂದು ಅತ್ತರು. ಎಮಿಲ್ಬೆಕ್ ಚಾಕು ಹಿಡಿದು ಅತ್ತ ಇತ್ತ ನೋಡಿದ. ಅಸನಾಲಿ ಮೇರಿಮ್‌ಳನ್ನು ಕೆಳಗಿಳಿಸಿದ. ಅಯ್ಯೋ ನನ್ನ ಸೊಸೆಯೇ ಎಂದು ಅವನ ಬಾಯಿಂದಲೂ ಹೊರಟಿತು. ನೆಲದ ಮೇಲಿದ್ದ ಚಾವಟಿ ಎತ್ತಿಕೊಂಡ.

“ನನ್ನ ಕೈಯಿಂದ ಆ ಕುದುರೆ ಕುಯ್ಸಿದೆಯಲ್ಲೋ.”

ಮೊದಲ ಏಟಿಗೇ ಚಾಕು ಹಾರಿತು. ಆಮೇಲೆ ಮುಖ, ಕಿವಿ, ಬೆನ್ನು ಎಂದು ನೋಡದೆ ಹೊಡೆದ. ಮಗ ಮೊಣಕಾಲೂರಿ, ಆಮೇಲೆ ಮಲಗಿ, ಸೀಳಿದ ಪರದೆಯನ್ನೇ ಸುತ್ತಿಕೊಂಡು ಹೊರಳಾಡಿದ. ಬಿಳಿ ಬಟ್ಟೆ ಕೆಂಪಾಯಿತು. ಯಾರೂ ಬಿಡಿಸಲಿಲ್ಲ. ಸುಳ್ಳು ಯಾಕೆ, ನನಗೆ ಹೊಟ್ಟೆ ತಣ್ಣಗಾಯಿತು. ಕೊಶೋಕ್ ಮುಗಿದಾಗ ಮುದುಕನ ಕೈ ನಿಂತಿತು. ಅವನೇ ಮೇರಿಮ್‌ಳ ಕೈ ಹಿಡಿದು ತಂದು ಬುರ್ಮಾಕಾನಳ ಪಕ್ಕದಲ್ಲಿ ಕೂರಿಸಿ, ತಲೆ ಎತ್ತದೆ ಹೊರಗೆ ಹೋದ. ಕುದುರೆಯ ಮೇಲೆ ಕೇಸು ಹಾಕಲೇ ಎಂದಿದ್ದ ಠಾಣೆಯವರು ಆ ಸಂಜೆಯೇ ಎಮಿಲ್ಬೆಕ್‌ನನ್ನು ಎಳೆದೊಯ್ದರು. ಈಗವನು ಜೈಲಿನಲ್ಲಿದ್ದಾನೆ.

ಬುರ್ಮಾಕಾನಳ ಎಡಗಣ್ಣು ಹೋಯಿತು. ಪಕ್ಕೆಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದವಳನ್ನು ನೋಡಲು ತಿಲೆಕ್ ಬಂದ. ಎಲ್ಲ ನನ್ನಿಂದಲೇ ಎಂದು ಬಹಳ ಹೊತ್ತು ಅತ್ತ. ಮೇರಿಮ್ ಅವಳ ತೋಳಿನ ಮೇಲೆ ನಿದ್ದೆ ಹೋಗಿದ್ದಳು.

“ಸಿನಿಮಾ ಪೂರ್ತಿ ನೋಡೋಕೂ ಆಗ್ಲಿಲ್ಲ ನಿಮ್ಗೆ,” ಎಂದ.

“ಅದಕ್ಕೇನಂತೆ,” ಎಂದಳು ಬುರ್ಮಾಕಾನ್. “ಹೇಗಿತ್ತು ಅಂತ ಯಾರಾದ್ರೂ ಕೇಳಿದ್ರೆ, ಅಜ್ಜಿ ಚೆನ್ನಾಗಿತ್ತು ಅಂದಳು ಅಂತ ಬರಿ. ನನ್ನ ಮಗಳಿಗೆ ಊರವರೆಲ್ಲ ಎದ್ದು ನಿಂತು ಅತ್ತರು.”