ಹದ ನೋಡಿದ ಉಂಡೆ

ಕತ್ತಲಗೆರೆಯ ಷಣ್ಮುಖಪ್ಪನವರ ಆಲೆಮನೆಯಲ್ಲಿ ಬೆಲ್ಲದ ಹದ ನೋಡುವವನು ಗೌಸ್‌ಪೀರ್. ಕುದಿಯುವ ಪಾಕವನ್ನು ಚೂರು ತೆಗೆದು ತಣ್ಣೀರಿಗೆ ಬಿಟ್ಟು, ಉಂಡೆ ಕಟ್ಟಿ ಕೊಪ್ಪರಿಗೆಯ ಅಂಚಿಗೆ ಹೊಡೆಯುತ್ತಿದ್ದ. ಟಣ್ ಎಂದರೆ ಹದ ಬಂತು. ಹೊಡೆದ ಉಂಡೆ ಹದ ನೋಡಿದವನ ಬಾಯಿಗೆ. ಅದು ಆಲೆಮನೆಯ ಪದ್ಧತಿ. ಈ ಮಹಾಶಯ ಒಮ್ಮೆಗೇ ಹದ ಗೊತ್ತಾದರೂ ಖಾತ್ರಿಗೆಂದು ಇನ್ನೊಂದು ಉಂಡೆ ಕಟ್ಟುತ್ತಿದ್ದ!

ಎರಡನೇ ಮಹಾಯುದ್ಧ ಶುರುವಾದ ವರ್ಷ ಅವನು ಹೊಡೆದ ಉಂಡೆ ಸದ್ದು ಮಾಡಲಿಲ್ಲ. ಮತ್ತೆ ಹೊಡೆದ, ಸದ್ದಿಲ್ಲ. ಬೆಂಕಿ ಜೋರು ಮಾಡಿಸಿದ. ಪಾಕ ಸೀದು ಆಲೆಮನೆ ತುಂಬ ಹೊಗೆಯಾಯಿತು.

"ಗಾಣದ ಹತ್ರ ಇದ್ದ ನನಗೇ ಟಣ್ ಅಂತ ಕೇಳಿಸ್ತಲ್ಲೋ ಗೌಸಣ್ಣ," ಎಂದರು ಷಣ್ಮುಖಪ್ಪ. "ಕಿವಿ ನೆಟ್ಟಗಾಗೋತನಕ ಕೊಪ್ಪರಿಗೆ ಮುಟ್ಟಬ್ಯಾಡಪ್ಪ."

ಕೊಪ್ಪರಿಗೆಯ ಆ ಜಾಗ ಬಿಟ್ಟರೆ ಗೌಸ್‌ಪೀರನಿಗೆ ಬೇರೆ ಲೋಕವೇ ಇರಲಿಲ್ಲ.

ಹೆಂಡತಿ ಶಹರಬಾನು ಮಾತ್ರ ಇನ್ನೂ ಕೆಲವನ್ನು ಗಮನಿಸಿದ್ದಳು. ಗಂಡ ಕೊಡಗಟ್ಟಲೆ ನೀರು ಕುಡಿಯುತ್ತಾನೆ. ಹಿತ್ತಲಲ್ಲಿ ಅವನು ಕೂತೆದ್ದ ಜಾಗಕ್ಕೆ ಇರುವೆ ಮುತ್ತುತ್ತವೆ.

"ನೀವು ಕೂತೆದ್ದ ಕಡೆ ಇರುವೆ ಮುತ್ತತಾವೆ. ನಡೀರಿ ಚನ್ನಗಿರಿಗೆ, ಡಾಕ್ಟರಿಗೆ ತೋರಿಸಾಕೆ," ಎಂದು ಕಿವಿಯ ಹತ್ತಿರ ಕೂಗಿದಳು.

"ಕಿವಿ ಕೆಟ್ಟರೆ ಇರುವೆ ಸುದ್ದಿ ಯಾಕೆ?" ಎಂದು ಗೊಣಗುತ್ತಲೇ ಹೊರಟ.

ಡಾಕ್ಟರು ನೀಲಿ ದ್ರಾವಣಕ್ಕೆ ಅವನ ಮೂತ್ರದ ಹನಿ ಬಿಟ್ಟು ಕಾಸಿದರು. ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತು.

"ಸಿಹಿಮೂತ್ರ ರೋಗ. ಇದು ಕಣ್ಣು, ನರ ಎಲ್ಲಾ ಕೆಡಿಸ್ತೈತೆ. ಕಿವಿ ಮಂದ ಆಗಾಕೂ ಇದೇ ಕಾರಣ ಇರಬಹುದು. ಹೋಗಿದ್ದು ವಾಪಸ್ ಬರೋದು ಕಷ್ಟ. ಉಳಿದಿದ್ದಾದ್ರೂ ಉಳೀಬೇಕಂದ್ರೆ ಬೆಲ್ಲ ಬಿಡ್ರಿ," ಎಂದು ಗಟ್ಟಿಯಾಗಿ ಹೇಳಿದರು.

ಗೌಸ್‌ಪೀರ್ ತವರಿಂದ ಹೊರಟ ಮದುಮಗಳ ಹಾಗೆ ಮುಖ ಮಾಡಿದ. ಆದರೂ ವರ್ಷವಿಡೀ ಪಥ್ಯ ಮಾಡಿದ; ಶಹರಬಾನು ಕಾವಲಿದ್ದಾಗ ಮಾಡದೆ ಏನು ಮಾಡಿಯಾನು? ಬಾಯಾರಿಕೆ ಇಳಿಯಿತು, ಮೈ ಹಗುರಾಯಿತು. ಕಿವಿ ಮಾತ್ರ ಇದ್ದ ಹಾಗೇ ಇತ್ತು.

ಮರುವರ್ಷ ಆಲೆ ಹೂಡಿದಾಗ ಹೆಂಡತಿಯನ್ನು ಕರೆದುಕೊಂಡು ಹೋಗಿ ಷಣ್ಮುಖಪ್ಪನವರ ಮುಂದೆ ನಿಂತ. "ಕಣ್ಣು, ಕೈ ನಂದು ಗೌಡ್ರೇ, ಕಿವಿ ಇವಳದ್ದು. ಒಂದು ಕೊಪ್ಪರಿಗೆ ಕೊಟ್ಟು ನೋಡ್ರಿ."

ಗೌಡರು ನಕ್ಕು ಒಪ್ಪಿದರು. ಗೌಸ್‌ಪೀರ್ ಉಂಡೆ ಕಟ್ಟಿ ಹೊಡೆದ. ಶಹರಬಾನು ತಲೆಯಾಡಿಸಿದಳು: ಇನ್ನೂ ಇಲ್ಲ. ಮತ್ತೆ ಹೊಡೆದ. ಅವಳು ಕೈ ಎತ್ತಿದಳು. ಕೊಪ್ಪರಿಗೆ ಇಳಿಸಿದರು. ಹಳೆಯ ಚಾಳಿ, ಉಂಡೆ ಅವನ ಬಾಯಿಯ ಹತ್ತಿರ ಹೋಗಿಯೇಬಿಟ್ಟಿತ್ತು. ಅವಳು ಕಿತ್ತುಕೊಂಡಳು.

"ಕೇಳಿಸಿಕೊಂಡವರಿಗೆ ಸೇರಬೇಕ್ರೀ ಇದು!" ಎಂದು ತನ್ನ ಬಾಯಿಗೆ ಹಾಕಿಕೊಂಡು, ಅವನ ಅಂಗೈಗೆ ಹುರಿಗಡಲೆ ಸುರಿದಳು.

"ಹೆಂಗೈತೆ?" ಎಂದು ಅವನು ಕೂಗಿದ ಜೋರಿಗೆ ಗಾಣದ ಎತ್ತುಗಳು ಬೆಚ್ಚಿದವು.

ಅವಳು ಬಾಯ್ತುಂಬ ಬೆಲ್ಲ ಇಟ್ಟುಕೊಂಡು ಏನೋ ಹೇಳಿದಳು. ಅವನಿಗೆ ಕೇಳಿಸಲಿಲ್ಲ. ಅವಳ ಮುಖ ನೋಡಿದ, ಹದ ಸರಿಯಾಗಿತ್ತು.