ಕೂಸಿಗೆ ನೀರು ಹಾಕುವ ಕಾಲು

ಭದ್ರಾವತಿಯ ಹಳೇನಗರದಲ್ಲಿ ಜಯಶೀಲಮ್ಮನ ಕಾಲ ಮೇಲೆ ಮಲಗಿ ಅಳದೆ ದೊಡ್ಡವರಾದವರು ಕಡಿಮೆ. ಬಚ್ಚಲಲ್ಲಿ ಮಣೆ ಹಾಕಿ ಕೂತು, ಎರಡೂ ಕಾಲು ಚಾಚಿ, ಅದರ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದು ಮೂವತ್ತು ವರ್ಷಗಳಿಂದ ಆಕೆಯ ಕೆಲಸ. ಕೂಸು ಊರಿಗೆಲ್ಲ ಕೇಳುವಂತೆ ಕಿರುಚಿದರೂ ಆಕೆಯ ಕೈ ಹೆದರಿದ್ದಿಲ್ಲ.

ಈಗ ಹೆದರಿಕೆ ಹೊಕ್ಕಿತ್ತು. ನಾಲ್ಕು ತಿಂಗಳ ಹಿಂದೆ ಹೊಸ್ತಿಲು ಎಡವಿದ್ದಕ್ಕೇ ಮಣಿಕಟ್ಟು ಮುರಿದಿತ್ತು. ‘ಇಷ್ಟಕ್ಕೆಲ್ಲ ಮುರೀಬಾರ್ದು, ಮೂಳೆ ಸಾಂದ್ರತೆ ಪರೀಕ್ಷೆ ಮಾಡ್ಸಿ’ ಎಂದು ಡಾಕ್ಟರು ಬರೆದ ಚೀಟಿಯನ್ನು ಆಕೆ ಎಣ್ಣೆ ಬಾಟಲಿಯ ಅಡಿಗೆ ತಳ್ಳಿದ್ದಳು. ಮೊನ್ನೆ, ಹೆರಿಗೆಗೆ ತವರಿಗೆ ಬಂದಿದ್ದ ಶೀತಲ್‌ಳ ಕೂಸನ್ನು ಎತ್ತಿಕೊಂಡು ಏಳುವಾಗ ಕಾಲು ಜೋಲಿ ಹೊಡೆಯಿತು. ಗೋಡೆ ಹಿಡಿದು ನಿಂತಳು. ಯಾರೂ ನೋಡಲಿಲ್ಲ. ಮರುದಿನವೇ ಶಿವಮೊಗ್ಗದ ಬಸ್ಸು ಹತ್ತಿದಳು.

ಆಲ್ಕೊಳ ಸರ್ಕಲ್ ಹತ್ತಿರದ ಸ್ಕ್ಯಾನ್ ಕೋಣೆಯಲ್ಲಿ ಅಂಬ್ರೀನ್ ಎಂಬ ಹುಡುಗಿ, “ಸೀರೆ ಇರ್ಲಿ ಅಮ್ಮ. ಬಳೆ, ಸರ, ಪಿನ್ನು, ಲೋಹ ಏನಿದ್ರೂ ತೆಗೀರಿ” ಎಂದಳು.

ಎಲ್ಲ ತೆಗೆದಳು, ಕೊರಳಿನ ಇಷ್ಟಲಿಂಗದ ಬೆಳ್ಳಿ ಕರಡಿಗೆಯೊಂದನ್ನು ಬಿಟ್ಟು. ಲಿಂಗ ಮೈ ಬಿಟ್ಟರೆ ಪ್ರಾಣ ಬಿಟ್ಟಂತೆ ಎಂದು ನಂಬಿದ ಮನೆತನದವಳು. ಅದೂ ಇಂಥ ಹೊತ್ತಿನಲ್ಲಿ ಶಿವನನ್ನು ಆಚೆಗಿಟ್ಟು ಒಬ್ಬಳೇ ಮಲಗುವುದೇ? ದಾರ ಸಡಿಲಿಸಿ ಕರಡಿಗೆಯನ್ನು ಸೀರೆಯೊಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹುಡುಗಿಗೆ ಕಾಣದ್ದು ಯಂತ್ರಕ್ಕೆ ಕಾಣುತ್ತದೆಂದು ಪಾಪ, ಆಕೆಗೇನು ಗೊತ್ತು!

ಯಂತ್ರದ ತೋಳು ಮೆಲ್ಲಗೆ ಮೇಲೆ ಸರಿಯಿತು. ನೋವಿಲ್ಲ, ಆದರೂ ಮನಸ್ಸು ಬಚ್ಚಲಲ್ಲೇ ಇತ್ತು. ಕೂಸು ಕೈಯಲ್ಲಿದ್ದಾಗಲೇ ಕಾಲು ಮುರಿದರೆ? ಎಳೇ ನೆತ್ತಿ ಬಚ್ಚಲ ಕಲ್ಲಿಗೆ ಬಡಿದರೆ?

“ಇದೇನಮ್ಮ, ಬೆನ್ನುಮೂಳೆ ಮೇಲೆ ಬಿಳೀ ಗುಂಡು?”

ಜಯಶೀಲಮ್ಮ ಎದ್ದು ಕೂತಳು. ಸೆರಗು ಸರಿಸಿ ತೋರಿಸಿದಳು.

ಅಂಬ್ರೀನ್ ಬೈಯಲಿಲ್ಲ. “ಮಿಷನ್ನು ಬೆಳ್ಳೀನೂ ಮೂಳೆ ಅಂತ್ಲೇ ತಿಳ್ಕೊಳ್ಳುತ್ತೆ. ಹೀಗೇ ಬಿಟ್ರೆ ಬೆನ್ನು ಗಟ್ಟಿ ಅಂತ ಬರುತ್ತೆ. ಆದ್ರೆ ಅದು ಸುಳ್ಳು.”

‘ಹಾಗೇ ಬಿಡಮ್ಮ’ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಗಟ್ಟಿ ಎಂದು ಬರೆದ ಕಾಗದ ಸಿಕ್ಕರೆ ಯಾರು ಕೇಳುತ್ತಾರೆ? ಕೆಲಸ ಉಳಿಯುತ್ತದೆ. ಆಗ ಶೀತಲ್‌ಳ ಕೂಸಿನ ನೆತ್ತಿ ಮತ್ತೆ ಕಣ್ಣೆದುರು ಬಂತು. ಆಕೆಗೆ ತನ್ನ ಮೇಲೇ ಹೇಸಿಗೆಯಾಯಿತು.

“ಲಿಂಗ ಮೈ ಬಿಡ್ಬಾರ್ದು ಕಣಮ್ಮ.”

“ಪೂಜೆಗೆ ಅಂಗೈಲಿ ಇಟ್ಕೊಳ್ತೀರಲ್ವಾ? ಹಾಗೇ ಹಿಡ್ಕೊಳ್ಳಿ. ಕೈ ಮಾತ್ರ ದೂರ ಚಾಚಿ.”

ಎಡಗೈ ಚಾಚಿ, ಶಿವನನ್ನು ಬಿಗಿಯಾಗಿ ಹಿಡಿದು ಮತ್ತೆ ಮಲಗಿದಳು. ಸಂಜೆ ಡಾಕ್ಟರು ರಿಪೋರ್ಟ್ ನೋಡಿ ತಲೆ ಅಲ್ಲಾಡಿಸಿದರು. ಬೆನ್ನು, ಸೊಂಟ ಎರಡೂ ತೀರಾ ಸವೆದಿವೆ. ಔಷಧಿ ಶುರು ಮಾಡಬೇಕು, ಒದ್ದೆ ನೆಲದಲ್ಲಿ ಏನನ್ನೂ ಎತ್ತಿಕೊಂಡು ಏಳಬಾರದು.

ಮರುದಿನ ಶೀತಲ್‌ಳ ತವರುಮನೆಯ ಬಚ್ಚಲಲ್ಲಿ ನೀರು ಕಾದಿತ್ತು. ಜಯಶೀಲಮ್ಮ ಮಣೆ ಹಾಕಿದಳು, ಕೂರಲಿಲ್ಲ.

“ಶೀತಲ್, ನೀನು ಕೂತ್ಕೋ. ಕಾಲು ಚಾಚು.”

“ಅಯ್ಯೋ ಅಜ್ಜಿ, ನಾನಾ? ನಂಗೆ ಭಯ ಆಗುತ್ತೆ.”

“ನಿಂಗೂ ಇದೇ ಬಚ್ಚಲಲ್ಲಿ ನೀರು ಹಾಕಿದೀನಿ. ಆವಾಗ ನಂಗೆ ಭಯ ಇರ್ಲಿಲ್ಲ.” ಆಕೆ ಮಣೆಯನ್ನು ಅವಳತ್ತ ಸರಿಸಿದಳು. “ಈಗ ಆಗ್ತಿದೆ, ಮಾರಾಯ್ತಿ. ಕೂತ್ಕೋ.”